ಡಿಜಿಟಲ್ ಫೋಟೋ ಕಪ್ಪು-ಬಿಳುಪಾಗುವುದು ಹೇಗೆ? ಯಾವ ಬಣ್ಣಕ್ಕೆ ಯಾವ ಬೂದು?

ಮಳೆಗಾಲ ಹಿಡಿಯಿತೆಂದರೆ ಉತ್ತರ ಕನ್ನಡದ ಫೋನುಗಳಲ್ಲಿ ಬಣ್ಣ ಇಳಿಯತೊಡಗುತ್ತದೆ. ಕಾರವಾರದಲ್ಲಿ ಕಾಳಿ ನದಿ ಕಡಲು ಸೇರುವ ಜಾಗ, ಬೇಲೆಯ ಮೇಲೆ ಎಳೆದಿಟ್ಟು ತಾಡಪಾಲು ಹೊದೆಸಿದ ದೋಣಿ, ಶಿರಸಿ ಕಡೆಯ ಮಂಜು ಮುಸುಕಿದ ತೋಟ, ಎಲ್ಲವೂ ವಾಟ್ಸಾಪ್ ಸ್ಟೇಟಸ್ಸಿಗೆ ಏರುವಷ್ಟರಲ್ಲಿ ಕಪ್ಪು-ಬಿಳುಪಾಗಿರುತ್ತವೆ. ಫೋಟೋ ಸ್ಪರ್ಧೆಗಳಲ್ಲಿ ‘ಮೊನೊಕ್ರೋಮ್’ ವಿಭಾಗ ಬೇರೆ ಇರುತ್ತದೆ. ಅಜ್ಜಿಯ ಫೋಟೋ ದೊಡ್ಡದು ಮಾಡಿಸಿ ಗೋಡೆಗೆ ಹಾಕುವವರೂ “ಬ್ಲ್ಯಾಕ್ ಆ್ಯಂಡ್ ವೈಟ್ ಮಾಡಿಕೊಡಿ, ಚಂದ ಕಾಣ್ತದೆ” ಎನ್ನುತ್ತಾರೆ.

ಮಾಡುವುದೇನೋ ಸುಲಭ. ಫೋನಿನಲ್ಲಿ ‘ಮೋನೊ’ ಒತ್ತಿದರೆ ಮುಗಿಯಿತು. ಆದರೆ ಹೀಗೆ ಒತ್ತಿದ ಫೋಟೋ ಹೆಚ್ಚಿನ ಸಲ ಸಪ್ಪೆಯಾಗಿ, ಎಲ್ಲೆಡೆ ಒಂದೇ ಥರ ಮಂಕಾಗಿ ಕಾಣುತ್ತದೆ. ಅದೇ ಫೋಟೋವನ್ನು ಗೊತ್ತಿದ್ದವರು ಕುಳಿತು ತಿದ್ದಿದರೆ ಕಳೆಗಟ್ಟುತ್ತದೆ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂದು ನೋಡಲು ಸ್ವಲ್ಪ ಲೆಕ್ಕ ಬೇಕು. ಹೈಸ್ಕೂಲಿನ ಗುಣಾಕಾರಕ್ಕಿಂತ ಮೇಲಿನದೇನಲ್ಲ.

## ಚಿರೆಕಲ್ಲಿನ ಗೋಡೆ, ಅದರ ಮೇಲೆ ವೀಳ್ಯದ ಬಳ್ಳಿ

ಡಿಜಿಟಲ್ ಫೋಟೋದ ಪ್ರತಿ ಚುಕ್ಕೆಯಲ್ಲೂ, ಅಂದರೆ ಪ್ರತಿ ಪಿಕ್ಸೆಲ್‌ನಲ್ಲೂ, ಮೂರು ಸಂಖ್ಯೆಗಳಿರುತ್ತವೆ: ಕೆಂಪೆಷ್ಟು, ಹಸಿರೆಷ್ಟು, ನೀಲಿಯೆಷ್ಟು. ನಾವು ಸಾಮಾನ್ಯವಾಗಿ ಬಳಸುವ ಜೆಪೆಗ್ ಫೈಲಿನಲ್ಲಿ ಈ ಸಂಖ್ಯೆ 0ಯಿಂದ 255ರವರೆಗೆ ಹೋಗುತ್ತದೆ. ಮೂರೂ 0 ಆದರೆ ಕಪ್ಪು, ಮೂರೂ 255 ಆದರೆ ಬಿಳುಪು. ಮೂರೂ ಸಮನಾಗಿದ್ದು ನಡುವೆ ಎಲ್ಲೋ ಇದ್ದರೆ ಅದು ಬೂದು. ಫೋಟೋವನ್ನು ಕಪ್ಪು-ಬಿಳುಪು ಮಾಡುವುದೆಂದರೆ ಈ ಮೂರು ಸಂಖ್ಯೆಗಳನ್ನು ಕೂಡಿಸಿ ಒಂದೇ ಸಂಖ್ಯೆಗೆ ಇಳಿಸುವುದು. ಪ್ರಶ್ನೆ ಇರುವುದು ಹೇಗೆ ಕೂಡಿಸಬೇಕು ಎಂಬುದರಲ್ಲಿ.

ಮನೆಯ ಅಂಗಳದ ಚಿರೆಕಲ್ಲಿನ ಕಟ್ಟೆಗೆ ವೀಳ್ಯದ ಬಳ್ಳಿ ಹಬ್ಬಿದೆ ಎನ್ನಿ. ಕಲ್ಲು ಕೆಂಪು, ಎಲೆ ಹಸಿರು. ಕಣ್ಣಿಗೆ ಇವೆರಡೂ ಬೇರೆ ಬೇರೆ ಎಂಬುದರಲ್ಲಿ ಅನುಮಾನವೇ ಇಲ್ಲ. ಲೆಕ್ಕಕ್ಕಾಗಿ ಕಲ್ಲಿನ ಒಂದು ಚುಕ್ಕೆಯಲ್ಲಿ ಕೆಂಪು 150, ಹಸಿರು 60, ನೀಲಿ 45 ಎಂದೂ, ಎಲೆಯ ಒಂದು ಚುಕ್ಕೆಯಲ್ಲಿ ಕೆಂಪು 60, ಹಸಿರು 105, ನೀಲಿ 40 ಎಂದೂ ಇಟ್ಟುಕೊಳ್ಳೋಣ.

ತುಂಬ ಕಡೆ ಬಳಕೆಯಲ್ಲಿರುವ ಒಂದು ಸೂತ್ರ ಟಿವಿ ತಂತ್ರಜ್ಞಾನದಿಂದ ಬಂದದ್ದು. ಕೆಂಪನ್ನು 0.299ರಿಂದ, ಹಸಿರನ್ನು 0.587ರಿಂದ, ನೀಲಿಯನ್ನು 0.114ರಿಂದ ಗುಣಿಸಿ ಮೂರನ್ನೂ ಕೂಡಿಸುವುದು. ನಮ್ಮ ಕಣ್ಣಿಗೆ ಹಸಿರು ಹೆಚ್ಚು ಬೆಳಕಾಗಿ, ನೀಲಿ ಕಡಿಮೆ ಬೆಳಕಾಗಿ ಕಾಣುವುದರಿಂದ ಈ ಪಾಲು. ಈಗ ಗುಣಿಸಿ ನೋಡಿ. ಕಲ್ಲಿಗೆ ಬರುವ ಉತ್ತರ ಸುಮಾರು 85. ಎಲೆಗೆ ಬರುವ ಉತ್ತರ ಸುಮಾರು 84.

ಅಲ್ಲಿಗೆ ಕಲ್ಲೂ ಎಲೆಯೂ ಒಂದೇ ಬೂದು. ಬಳ್ಳಿ ಗೋಡೆಯೊಳಗೆ ಕರಗಿಹೋಯಿತು. ಫೋಟೋ ಸಪ್ಪೆ ಎನ್ನಿಸುವುದಕ್ಕೆ ಬಹುಪಾಲು ಕಾರಣ ಇದೇ: ಬಣ್ಣದಲ್ಲಿ ಎದ್ದು ಕಾಣುತ್ತಿದ್ದ ಎರಡು ವಸ್ತುಗಳು ಬೆಳಕಿನಲ್ಲಿ ಸಮನಾಗಿದ್ದವು, ಬಣ್ಣ ಹೋದ ಕೂಡಲೇ ಅವುಗಳ ನಡುವಿನ ಗೆರೆಯೂ ಹೋಯಿತು.

ಹೈ ಡೆಫಿನಿಷನ್ ಟಿವಿಯ ಜೊತೆ ಬಂದ ಇನ್ನೊಂದು ಸೂತ್ರದಲ್ಲಿ ಹಸಿರಿನ ಪಾಲು 0.7152ಕ್ಕೆ ಏರುತ್ತದೆ, ಕೆಂಪಿನದು 0.2126ಕ್ಕೆ, ನೀಲಿಯದು 0.0722ಕ್ಕೆ ಇಳಿಯುತ್ತದೆ. ಅದರಲ್ಲಿ ಕಲ್ಲು 78, ಎಲೆ 91. ಇನ್ನು ಕೆಲವು ತಂತ್ರಾಂಶಗಳಲ್ಲಿ ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸುವ ಆಯ್ಕೆಯೂ ಇದೆ. ಅದರಲ್ಲಿ ಕಲ್ಲು 85, ಎಲೆ 68. ಮೊದಲ ಸೂತ್ರದಲ್ಲಿ ಎರಡೂ ಸಮ, ಎರಡನೆಯದರಲ್ಲಿ ಎಲೆ ಬೆಳ್ಳಗೆ, ಮೂರನೆಯದರಲ್ಲಿ ಕಲ್ಲು ಬೆಳ್ಳಗೆ. ಒಂದೇ ಫೋಟೋ ಎರಡು ಆ್ಯಪ್‌ಗಳಲ್ಲಿ ಎರಡು ಥರ ಕಪ್ಪು-ಬಿಳುಪಾಗುವುದು ಇದೇ ಕಾರಣಕ್ಕೆ. ಯಾವುದು ಸರಿ ಎಂದು ಕೇಳಿದರೆ ಉತ್ತರವಿಲ್ಲ. ಕೆಂಪಿಗೆ ‘ನಿಜವಾದ ಬೂದು’ ಎಂಬುದೊಂದು ಇಲ್ಲ. ಅದನ್ನು ಯಾರಾದರೂ ತೀರ್ಮಾನಿಸಬೇಕು, ನೀವು ತೀರ್ಮಾನಿಸದಿದ್ದರೆ ಆ್ಯಪ್ ತೀರ್ಮಾನಿಸುತ್ತದೆ.

## ತೀರ್ಮಾನ ನಿಮ್ಮ ಕೈಗೆ ಬರುವುದೆಲ್ಲಿ

ಈ ಪಾಲುಗಳನ್ನು ನೀವೇ ಬದಲಿಸುವ ಸಲಕರಣೆಗೆ ಚಾನೆಲ್ ಮಿಕ್ಸರ್ ಎನ್ನುತ್ತಾರೆ. ಫೋಟೋದ ಕೆಂಪು ಸಂಖ್ಯೆಗಳೆಲ್ಲ ಸೇರಿದರೆ ಕೆಂಪು ಚಾನೆಲ್, ಹಸಿರು, ನೀಲಿಗೂ ಹಾಗೆಯೇ. ಉಚಿತವಾಗಿ ಸಿಗುವ ಫೋಟೋ ತಿದ್ದುವ ತಂತ್ರಾಂಶ ಗಿಂಪ್‌ನಲ್ಲಿ ‘ಮೋನೊ ಮಿಕ್ಸರ್’ ಎಂದಿದೆ. ಲೈಟ್‌ರೂಮ್‌ನಲ್ಲಿ ಮೂರರ ಬದಲು ಎಂಟು ಬಣ್ಣಗಳಿಗೆ ಒಂದೊಂದು ಸ್ಲೈಡರ್ ಇದೆ. ಫೋನಿನ ಸ್ನ್ಯಾಪ್‌ಸೀಡ್‌ನಲ್ಲಿ ಕಪ್ಪು-ಬಿಳುಪು ಆಯ್ಕೆಯೊಳಗೆ ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ ಫಿಲ್ಟರುಗಳಿವೆ. ಹೆಸರು ಬೇರೆ, ಒಳಗಿನ ಲೆಕ್ಕ ಒಂದೇ ಜಾತಿಯದು.

ಮೇಲಿನ ಗೋಡೆಗೇ ಮರಳಿದರೆ, ಕೆಂಪು ಚಾನೆಲ್ ಒಂದನ್ನೇ ತೆಗೆದುಕೊಂಡಾಗ ಕಲ್ಲು 150, ಎಲೆ 60: ಬೆಳಕಿನ ಗೋಡೆಯ ಮೇಲೆ ಕಪ್ಪು ಬಳ್ಳಿ. ಹಸಿರು ಚಾನೆಲ್ ಒಂದನ್ನೇ ತೆಗೆದುಕೊಂಡರೆ ಕಲ್ಲು 60, ಎಲೆ 105: ಕಪ್ಪು ಗೋಡೆಯ ಮೇಲೆ ಹೊಳೆಯುವ ಬಳ್ಳಿ. ಎರಡೂ ಅದೇ ಫೋಟೋ. ಹೀಗೆ ಒಂದನ್ನೇ ಪೂರ್ತಿ ಹಿಡಿಯಬೇಕೆಂದೇನಿಲ್ಲ, ಬೇಕಾದಷ್ಟು ಬೆರೆಸಬಹುದು. ಎಂಟು ಬಣ್ಣದ ಸ್ಲೈಡರ್ ಇರುವಲ್ಲಿ ಒಂದು ಮಾತು ನೆನಪಿಡಿ: ಎಲೆಗಳ ಹಸಿರಿನಲ್ಲಿ ಹಳದಿಯ ಅಂಶ ಬಹಳ. ಎಲೆ ಬೆಳಗಬೇಕೆಂದರೆ ಹಸಿರಿಗಿಂತ ಹಳದಿ ಸ್ಲೈಡರ್ ಎಳೆದಾಗಲೇ ಹೆಚ್ಚು ಕೆಲಸವಾಗುತ್ತದೆ.

## ಕಾವಿ ಚಿತ್ರಕ್ಕೆ ಕೆಂಪು ಫಿಲ್ಟರ್ ಹಾಕಿದರೆ

ಫಿಲ್ಮಿನ ಕಾಲದವರು ಇದನ್ನೇ ಲೆನ್ಸಿನ ಮುಂದೆ ಬಣ್ಣದ ಗಾಜು ಹಾಕಿ ಮಾಡುತ್ತಿದ್ದರು. ಕೆಂಪು ಗಾಜು ಕೆಂಪು ಬೆಳಕನ್ನು ಒಳಗೆ ಬಿಟ್ಟು ನೀಲಿಯನ್ನು ತಡೆಯುತ್ತದೆ. ಹಾಗಾಗಿ ನೀಲಿ ಆಕಾಶ ಕಪ್ಪಾಗುತ್ತದೆ, ಬಿಳಿ ಮೋಡ ಎದ್ದು ಬರುತ್ತದೆ. ಭಾರೀ ಆಕಾಶದ ಹಳೆಯ ಭೂದೃಶ್ಯಗಳಲ್ಲಿ ಅನೇಕವುಗಳ ಗುಟ್ಟು ಈ ಗಾಜು. ಅದಕ್ಕೂ ಹಿಂದಿನ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಅಂಥ ಫಿಲ್ಮಿನಲ್ಲಿ ತೆಗೆದರೆ ಹಣೆಯ ಕುಂಕುಮ ಕಡುಕಪ್ಪು.

ಕೆಂಪು ಫಿಲ್ಟರ್ ಹಾಕಿದರೆ ಫೋಟೋ ‘ಪವರ್‌ಫುಲ್’ ಆಗುತ್ತದೆ ಎಂಬ ನಂಬಿಕೆ ಈಗಲೂ ಇದೆ. ನಮ್ಮ ಜಿಲ್ಲೆಯಲ್ಲಿ ಅದನ್ನು ಕಣ್ಣುಮುಚ್ಚಿ ನಂಬಬಾರದು. ಕಾವಿ ಕಲೆಯನ್ನೇ ನೋಡಿ. ಶಿರಸಿಯ ಮಾರಿಕಾಂಬಾ ದೇವಸ್ಥಾನಕ್ಕೆ ಹೋದವರಿಗೆ ಇದು ಗೊತ್ತು, ಕರಾವಳಿಯ ಹಳೆಯ ಗುಡಿಗಳಲ್ಲೂ ಅಲ್ಲಲ್ಲಿ ಸಿಗುತ್ತದೆ. ಬಿಳಿ ಸುಣ್ಣದ ಗಾರೆಯ ಮೇಲೆ ಕೆಂಪು ಮಣ್ಣಿನ ಪದರ ಬಳಿದು, ಹಸಿಯಿರುವಾಗಲೇ ಕೆಂಪನ್ನು ಕೆರೆದು ಅಡಿಯ ಬಿಳುಪು ಹೊರಬರುವಂತೆ ಮಾಡುವ ಕಲೆ ಅದು. ಇರುವುದೇ ಎರಡು ಬಣ್ಣ, ಚಿತ್ರವಿರುವುದೇ ಅವೆರಡರ ಅಂತರದಲ್ಲಿ.

ಕಾವಿಯ ಕೆಂಪಿಗೆ ನಮ್ಮ ಚಿರೆಕಲ್ಲಿನ ಸಂಖ್ಯೆಗಳನ್ನೇ ಕೊಡೋಣ: 150, 60, 45. ವಯಸ್ಸಾಗಿ ಸ್ವಲ್ಪ ಹಳದಿಗೆ ತಿರುಗಿದ ಸುಣ್ಣಕ್ಕೆ 235, 228, 210. ಕೆಂಪು ಚಾನೆಲ್‌ನಲ್ಲಿ ಎರಡರ ಅಂತರ 85. ನೀಲಿಯಲ್ಲಿ 165, ಹಸಿರಿನಲ್ಲಿ 168. ಎಂದರೆ ಕೆಂಪು ಫಿಲ್ಟರ್ ಹಾಕಿದ ಕೂಡಲೇ ಚಿತ್ರದ ಅರ್ಧ ಕಸುವು ಹೋಯಿತು, ಕೆರೆದ ಸಣ್ಣ ಗೆರೆಗಳು ಗೋಡೆಯಲ್ಲಿ ಮಸುಕಾದವು. ಇಲ್ಲಿ ಹಸಿರು ಫಿಲ್ಟರ್ ಹಾಕುವುದು ಒಳ್ಳೆಯದು. ನೀಲಿಯೂ ಅಷ್ಟೇ ಅಂತರ ಕೊಡುತ್ತದಲ್ಲ ಎಂದರೆ, ಅದರಲ್ಲಿ ಎರಡು ತೊಡಕಿದೆ. ಸುಣ್ಣದ ಮೇಲಿನ ಹಳದಿ ಕಲೆಗಳೆಲ್ಲ ನೀಲಿ ಚಾನೆಲ್‌ನಲ್ಲಿ ಎದ್ದು ಕಾಣುತ್ತವೆ. ಎರಡನೆಯದು ಕ್ಯಾಮೆರಾದ ಒಳಗಿನ ಸಂಗತಿ.

## ಸೆನ್ಸರ್‌ಗೆ ಬಣ್ಣ ತಿಳಿಯುವುದು ಹೇಗೆ

ಕ್ಯಾಮೆರಾದ ಸೆನ್ಸರ್ ಹುಟ್ಟಾ ಬಣ್ಣಗುರುಡ. ಬೆಳಕೆಷ್ಟು ಬಿತ್ತು ಎಂಬುದಷ್ಟೇ ಅದಕ್ಕೆ ಗೊತ್ತು. ಬಣ್ಣ ತಿಳಿಯಲೆಂದು ಅದರ ಪ್ರತಿ ಚುಕ್ಕೆಯ ಮೇಲೂ ಕೆಂಪು, ಹಸಿರು ಅಥವಾ ನೀಲಿಯ ಪುಟ್ಟ ಫಿಲ್ಟರ್ ಕೂರಿಸಿರುತ್ತಾರೆ. ಬಹುತೇಕ ಕ್ಯಾಮೆರಾ, ಫೋನುಗಳಲ್ಲಿರುವ ಈ ಜೋಡಣೆಗೆ ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದರು. ಪ್ರತಿ ನಾಲ್ಕು ಚುಕ್ಕೆಗಳಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಉಳಿದ ಬಣ್ಣಗಳನ್ನು ಅಕ್ಕಪಕ್ಕದ ಚುಕ್ಕೆಗಳಿಂದ ಅಂದಾಜು ಮಾಡಿ ತುಂಬುತ್ತಾರೆ.

ಇದರ ಪರಿಣಾಮ ನಮಗೆ ತಟ್ಟುವುದು ಹೀಗೆ: ಹಸಿರು ಚಾನೆಲ್‌ನಲ್ಲಿ ಮಾಹಿತಿ ಹೆಚ್ಚು, ಅದು ಸ್ವಚ್ಛ. ಕೆಂಪು, ನೀಲಿಗಳಲ್ಲಿ ಕಡಿಮೆ. ಅದರಲ್ಲೂ ಮನೆಯೊಳಗಿನ ಹಳದಿ ದೀಪದಲ್ಲಿ ತೆಗೆದರೆ ನೀಲಿ ಚಾನೆಲ್‌ಗೆ ಬೆಳಕೇ ಸಿಕ್ಕಿರುವುದಿಲ್ಲ. ಅದನ್ನು ಜಗ್ಗಿದರೆ ಫೋಟೋ ತುಂಬ ಕಾಳುಕಾಳು ಏಳುತ್ತದೆ. ಈ ಕಾಳುಗಳಿಗೇ ನಾಯ್ಸ್ ಎನ್ನುವುದು.

ಬಣ್ಣದ ಫಿಲ್ಟರುಗಳನ್ನೇ ಕಿತ್ತುಹಾಕಿದ ಕ್ಯಾಮೆರಾಗಳೂ ಇವೆ. ಲೈಕಾ ಕಂಪನಿ 2012ರಲ್ಲಿ ತಂದ ‘ಎಂ ಮೊನೊಕ್ರೋಮ್’ ಕಪ್ಪು-ಬಿಳುಪನ್ನು ಮಾತ್ರ ತೆಗೆಯುತ್ತದೆ. ವಿವರ ಹೆಚ್ಚು, ನಾಯ್ಸ್ ಕಡಿಮೆ. ಆದರೆ ಚಾನೆಲ್‌ಗಳೇ ಇಲ್ಲದ ಮೇಲೆ ಮನೆಗೆ ಬಂದು ಬೆರೆಸುವುದೇನನ್ನು? ಆಕಾಶ ಕಪ್ಪಾಗಬೇಕೆಂದರೆ ಹಳೆಯವರ ಹಾಗೆ ಸ್ಥಳದಲ್ಲೇ ಬಣ್ಣದ ಗಾಜು ಹಾಕಬೇಕು. ನಮ್ಮ ನಿಮ್ಮ ಕ್ಯಾಮೆರಾಕ್ಕೆ ಅನ್ವಯಿಸುವ ಮಾತೆಂದರೆ, ಕ್ಯಾಮೆರಾದಲ್ಲಿ ಕಪ್ಪು-ಬಿಳುಪು ಮೋಡ್ ಇಟ್ಟು ಜೆಪೆಗ್ ಮಾತ್ರ ತೆಗೆಯುವುದು ಬೇಡ. ಆಮೇಲೆ ಬಣ್ಣದ ಮಾಹಿತಿ ಮರಳಿ ಬರುವುದಿಲ್ಲ.

## ರಾ ಫೈಲ್ ಯಾಕೆ

ಸೆನ್ಸರ್ ಹಿಡಿದ ಮಾಹಿತಿಯನ್ನು ಸಂಸ್ಕರಿಸದೆ ಹಾಗೇ ಇಟ್ಟು ಕ್ಯಾಮೆರಾ ಕೊಡುವ ರಾ ಫೈಲ್ ಮತ್ತು ಜೆಪೆಗ್‌ಗಳ ಸಂಬಂಧ ತೋಟದವರಿಗೆ ಬೇಗ ತಿಳಿಯುತ್ತದೆ. ಅಡಿಕೆ ಗೊನೆ ಮರದಲ್ಲಿರುವಾಗ ಅದನ್ನು ಹಸಿಯಾಗಿ ಕೊಯ್ದು ಕೆಂಪಡಿಕೆ ಮಾಡಬೇಕೋ, ಹಣ್ಣಾಗಲು ಬಿಟ್ಟು ಚಾಲಿ ಮಾಡಬೇಕೋ ಎಂಬುದು ನಿಮಗೆ ಬಿಟ್ಟದ್ದು. ಸುಲಿದು ಬೇಯಿಸಿದ ಮೇಲೆ ಚಾಲಿಯ ಮಾತೇ ಇಲ್ಲ. ಜೆಪೆಗ್ ಬೇಯಿಸಿದ ಅಡಿಕೆ.

ಸಂಖ್ಯೆಯಲ್ಲಿ ಹೇಳುವುದಾದರೆ ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು. 12 ಬಿಟ್‌ನ ರಾ ಫೈಲಿನಲ್ಲಿ 4,096, 14 ಬಿಟ್‌ನದರಲ್ಲಿ 16,384. ಬಣ್ಣದ ಫೋಟೋದಲ್ಲಿ ಈ ಕೊರತೆ ಅಷ್ಟು ಗೊತ್ತಾಗುವುದಿಲ್ಲ. ಕಪ್ಪು-ಬಿಳುಪಿನಲ್ಲಿ ಇರುವುದೇ ಬೂದಿನ ಮೆಟ್ಟಿಲು, ಅವನ್ನು ಎಳೆದು ಹಿಗ್ಗಿಸುವುದೇ ಕೆಲಸ. ಜೆಪೆಗ್ ಅನ್ನು ಹಿಗ್ಗಿಸಿದರೆ ನುಣುಪಾಗಿರಬೇಕಾದ ಆಕಾಶದಲ್ಲಿ ಪಟ್ಟೆಪಟ್ಟೆಗಳು ಮೂಡುತ್ತವೆ. ಫೋನಿನಲ್ಲೂ ರಾ ಆಯ್ಕೆ ಇದ್ದರೆ ಹಾಕಿಕೊಳ್ಳಿ. ರಾ ಬಿಚ್ಚಲು ಡಾರ್ಕ್‌ಟೇಬಲ್, ರಾಥೆರಪಿ ಎಂಬ ಉಚಿತ ತಂತ್ರಾಂಶಗಳಿವೆ.

## ಮಳೆಗಾಲದ ಆಕಾಶ ಯಾವ ಸ್ಲೈಡರ್‌ಗೂ ಬಗ್ಗುವುದಿಲ್ಲ

ಯೂಟ್ಯೂಬ್‌ನಲ್ಲಿ ಕಲಿತವರು ಜೂನ್-ಜುಲೈಯಲ್ಲಿ ಎಡವುವುದು ಇಲ್ಲಿ. ನೀಲಿ ಸ್ಲೈಡರ್ ತಗ್ಗಿಸಿದರೆ ಆಕಾಶ ಕಪ್ಪಾಗುತ್ತದೆ ಎಂದು ಹೇಳಿಕೊಟ್ಟಿರುತ್ತಾರೆ. ಕಾರವಾರದ ಬೇಲೆಯಲ್ಲಿ ನಿಂತು ತೆಗೆದ ಫೋಟೋಕ್ಕೆ ಎಷ್ಟು ತಗ್ಗಿಸಿದರೂ ಏನೂ ಆಗುವುದಿಲ್ಲ. ಕಾರಣ ಸರಳ. ಮೋಡ ಮುಚ್ಚಿದ ಆಕಾಶದಲ್ಲಿ ಕೆಂಪು, ಹಸಿರು, ನೀಲಿ ಮೂರೂ ಹೆಚ್ಚುಕಡಿಮೆ ಸಮ. ಬಣ್ಣವೇ ಇಲ್ಲದ ಕಡೆ ಬಣ್ಣದ ಸ್ಲೈಡರ್ ಹಿಡಿಯುವುದಾದರೂ ಏನನ್ನು? ಕೆಂಪು ಫಿಲ್ಟರಿನ ಆ ನಾಟಕೀಯ ಆಕಾಶ ಬೇಕಿದ್ದರೆ ಮಳೆ ಹೊಳವಾಗುವವರೆಗೆ ಕಾಯಬೇಕು.

ಮಳೆಗಾಲದ ಆಕಾಶಕ್ಕೆ ಬೇರೆ ದಾರಿ. ಮೋಡಗಳ ನಡುವೆ ಬೆಳಕಿನ ಸಣ್ಣ ಅಂತರಗಳಿರುತ್ತವೆ, ಅವನ್ನು ಹಿಗ್ಗಿಸಬೇಕು. ಆಕಾಶವನ್ನಷ್ಟೇ ಆಯ್ದು, ಅದರ ಕಾಂಟ್ರಾಸ್ಟ್ ಹೆಚ್ಚಿಸಿ, ಒಟ್ಟು ಬೆಳಕನ್ನು ಇಳಿಸಿದರೆ ಬೂದಿನ ಹೊದಿಕೆಯೊಳಗಿಂದ ಮೋಡದ ಆಕಾರಗಳು ಹೊರಬರುತ್ತವೆ. ಆದರೆ ಫೋಟೋ ತೆಗೆಯುವಾಗಲೇ ಆಕಾಶ 255ಕ್ಕೆ ಹೋಗಿ ಮುಟ್ಟಿದ್ದರೆ ಅಲ್ಲಿ ಹಿಗ್ಗಿಸಲು ಏನೂ ಉಳಿದಿರುವುದಿಲ್ಲ. ಮೋಡದ ದಿನ ದಡದ ಮೇಲಿನ ದೋಣಿ, ಜನರನ್ನು ತೋರಿಸಲೆಂದು ಕ್ಯಾಮೆರಾ ಬೆಳಕು ಹೆಚ್ಚಿಸುತ್ತದೆ, ಆಕಾಶ ಸುಣ್ಣದ ಬಿಳುಪಾಗುತ್ತದೆ. ಅದಕ್ಕೆ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್‌ನಲ್ಲಿ ಅರ್ಧವೋ ಒಂದೋ ಸ್ಟಾಪ್ ಕಡಿಮೆ ಮಾಡಿ ತೆಗೆಯುವುದು ಕ್ಷೇಮ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ನೆರಳನ್ನು ಆಮೇಲೆ ಎತ್ತಬಹುದು, ಅಂದರೆ ಬೆಳಗಿಸಬಹುದು.

ಎತ್ತುವಾಗಲೂ ಕೈ ಹಿಡಿತದಲ್ಲಿರಲಿ. ‘ಕ್ಲ್ಯಾರಿಟಿ’, ‘ಸ್ಟ್ರಕ್ಚರ್’ ಎಂಬ ಸ್ಲೈಡರುಗಳನ್ನು ಕೊನೆಯವರೆಗೆ ಎಳೆದರೆ ತೆಂಗಿನ ಗರಿ, ಬೆಟ್ಟದ ಅಂಚು ಆಕಾಶವನ್ನು ಮುಟ್ಟುವಲ್ಲಿ ಬೆಳ್ಳನೆಯ ಗೆರೆಯೊಂದು ಮೂಡುತ್ತದೆ. ಸ್ಪರ್ಧೆಯ ತೀರ್ಪುಗಾರರ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

## ಯಾಣದ ಕಲ್ಲು ಕಪ್ಪಾಗಿಯೇ ಉಳಿಯಬೇಕಾದರೆ

ಕುಮಟಾ ತಾಲೂಕಿನ ಯಾಣದಲ್ಲಿ ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, ಸುಮಾರು 90 ಮೀಟರಿನ ಮೋಹಿನಿ ಶಿಖರ ಎರಡೂ ಕಪ್ಪು ಸುಣ್ಣಕಲ್ಲು. ಕಪ್ಪು-ಬಿಳುಪಿಗೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೇ ಎನ್ನಿಸುತ್ತದೆ. ಆದರೆ ಫೋಟೋದಲ್ಲಿ ಕಲ್ಲು ಎಷ್ಟೋ ಸಲ ಬೂದಾಗಿ ಬರುತ್ತದೆ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಎದುರಿಗಿರುವುದೆಲ್ಲ ಸರಾಸರಿಯಲ್ಲಿ ನಡುಬೂದು, ಅಂದರೆ ಸುಮಾರು 18 ಪ್ರತಿಶತ ಬೆಳಕನ್ನು ಮರಳಿಸುವ ವಸ್ತು, ಎಂದು ನಂಬಿ ಲೆಕ್ಕ ಹಾಕುತ್ತದೆ. ಚೌಕಟ್ಟಿನ ತುಂಬ ಕರಿಕಲ್ಲು ಇಟ್ಟರೆ ಬೆಳಕು ಸಾಲದೆಂದು ಹೆಚ್ಚಿಸುತ್ತದೆ, ನೊರೆಗಡಲನ್ನಿಟ್ಟರೆ ಹೆಚ್ಚಾಯಿತೆಂದು ಇಳಿಸುತ್ತದೆ.

ಇದನ್ನು ಶಿಸ್ತಾಗಿ ಕಟ್ಟಿಕೊಟ್ಟವರು ಅಮೆರಿಕದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್, 1940ರ ಹೊತ್ತಿಗೆ. ಅವರ ಜೋನ್ ಪದ್ಧತಿಯಲ್ಲಿ ಕಡುಕಪ್ಪಿನಿಂದ ಶುದ್ಧ ಬಿಳುಪಿನವರೆಗೆ 0ಯಿಂದ 10ರ ತನಕ ಹನ್ನೊಂದು ಹಂತ, ನಡುಬೂದು 5ನೆಯದು. ಒಂದು ಹಂತಕ್ಕೆ ಒಂದು ಸ್ಟಾಪ್ ಬೆಳಕು. ಯಾಣದ ಕಲ್ಲಿನ ನೆರಳು, ಅದರೊಳಗಿನ ಬಿರುಕು ಕಾಣುತ್ತಲೇ ಕಪ್ಪಾಗಿರಬೇಕೆಂದರೆ 3ನೆಯ ಹಂತಕ್ಕೆ ಇಡಬೇಕು, ಎಂದರೆ ಆ ನೆರಳಿಗೆ ಮೀಟರ್ ಹೇಳಿದ್ದಕ್ಕಿಂತ ಎರಡು ಸ್ಟಾಪ್ ಕಡಿಮೆ.

ಕಂಪ್ಯೂಟರಿನಲ್ಲಿ ಇದರ ಕನ್ನಡಿ ಹಿಸ್ಟೋಗ್ರಾಮ್: ಎಡಗಡೆ ಕಪ್ಪು, ಬಲಗಡೆ ಬಿಳುಪು, ಎಲ್ಲಿ ಎಷ್ಟು ಚುಕ್ಕೆಗಳಿವೆಯೋ ಅಲ್ಲಿ ಅಷ್ಟು ಎತ್ತರದ ಗುಡ್ಡೆ. ಮಂಕು ಫೋಟೋದ ಗುಡ್ಡೆ ನಡುವೆಯೇ ಕೂತಿರುತ್ತದೆ. ‘ಬ್ಲ್ಯಾಕ್ಸ್’, ‘ವೈಟ್ಸ್’ ಎಳೆದು ಅದರ ತುದಿಗಳನ್ನು ಎರಡೂ ಅಂಚಿಗೆ ತಾಗಿಸಿದರೆ ಅರ್ಧ ಜೀವ ಬಂದಂತೆ. ಮಂಜಿನ ಫೋಟೋಕ್ಕೆ ಮಾತ್ರ ಈ ಮಾತು ಒಪ್ಪುವುದಿಲ್ಲ. ಅಲ್ಲಿ ಕಡುಕಪ್ಪು ಹುಡುಕಿ ತಂದರೆ ಮಂಜೇ ಹೋಗುತ್ತದೆ.

ಒಂದು ಜಾಗವನ್ನಷ್ಟೇ ಬೆಳಗಿಸುವುದಕ್ಕೆ ಡಾಡ್ಜ್, ಕಪ್ಪಾಗಿಸುವುದಕ್ಕೆ ಬರ್ನ್ ಎನ್ನುತ್ತಾರೆ. ಡಾರ್ಕ್‌ರೂಮಿನಲ್ಲಿ ಕಾಗದದ ಮೇಲೆ ಬೀಳುವ ಬೆಳಕಿಗೆ ಕೈ ಅಡ್ಡ ಹಿಡಿದು ಮಾಡುತ್ತಿದ್ದ ಕೆಲಸ, ಈಗ ಬ್ರಷ್‌ನಲ್ಲಿ ಆಗುತ್ತದೆ.

## ಆಟದ ರಾತ್ರಿಯ ಎಲ್‌ಇಡಿ

ಯಕ್ಷಗಾನದ ಫೋಟೋ ತೆಗೆಯುವವರು ಕಪ್ಪು-ಬಿಳುಪಿಗೆ ಬರುವುದು ಇತ್ತೀಚೆಗೆ ಹೆಚ್ಚು, ಅದಕ್ಕೆ ಚಂದವೊಂದೇ ಕಾರಣವಲ್ಲ. ರಂಗಸ್ಥಳಕ್ಕೆ ಬಣ್ಣದ ಎಲ್‌ಇಡಿ ಬಂದಮೇಲೆ ಮುಖದ ಬಣ್ಣಗಾರಿಕೆಯೆಲ್ಲ ನೇರಳೆಗೋ ನೀಲಿಗೋ ಮುಳುಗುತ್ತದೆ. ಅಂಥ ಬೆಳಕಿನಲ್ಲಿ ನೀಲಿ ಚಾನೆಲ್ 255ಕ್ಕೆ ಬಡಿದು ಬಿಳುಚಿರುತ್ತದೆ, ಅದೇ ಹೊತ್ತಿಗೆ ಹಸಿರು ಚಾನೆಲ್‌ನಲ್ಲಿ ಮುಖದ ಗೆರೆಗಳು ಕ್ಷೇಮವಾಗಿ ಉಳಿದಿರುವುದುಂಟು. ಮೂರನ್ನೂ ಬಿಡಿಬಿಡಿಯಾಗಿ ತೆರೆದು ನೋಡಿ, ಕೆಟ್ಟದ್ದನ್ನು ಬಿಟ್ಟು ಒಳ್ಳೆಯದರಿಂದ ಫೋಟೋ ಕಟ್ಟಬಹುದು. ಬಣ್ಣದಲ್ಲಿ ಕೈಬಿಟ್ಟ ಚಿತ್ರ ಹೀಗೆ ದಕ್ಕುತ್ತದೆ.

ದಕ್ಕದೇ ಹೋಗುವುದೂ ಇದೆ. ವೇಷಧಾರಿಯ ಸೀರೆಯ ಕೆಂಪು-ಕಪ್ಪು ಚೌಕುಳಿ ಕೆಂಪು ತಗ್ಗಿಸಿದಾಗ ಒಂದೇ ಕಪ್ಪು ಬಟ್ಟೆಯಾಗುತ್ತದೆ, ಕೆಂಪು ಏರಿಸಿದರೆ ಚೌಕುಳಿ ಮರಳುತ್ತದೆ. ಹಾಲಕ್ಕಿ ಸಮುದಾಯದ ಅಜ್ಜಿಯರ ಕೊರಳಿನ ಮಣಿಸರಗಳ ರಾಶಿಯನ್ನು ಕಪ್ಪು-ಬಿಳುಪಿನಲ್ಲಿ ತೋರಿಸುವ ಚಾಳಿ ನಮ್ಮಲ್ಲಿ ಬಹಳ. ಮಣಿಗಳ ಬಣ್ಣವೇ ಮಾತಾಡುವಲ್ಲಿ ಅದನ್ನು ಅಳಿಸುವುದೇಕೋ ನನಗೆ ತಿಳಿದಿಲ್ಲ.

## ಮುಖ

ಚರ್ಮದ ಬಣ್ಣ, ಯಾರದ್ದೇ ಇರಲಿ, ಕೆಂಪು ಮತ್ತು ಕಿತ್ತಳೆಯ ಪಾಲಿನದು. ಕೆಂಪು ಚಾನೆಲ್‌ನಲ್ಲಿ ಚರ್ಮ ಬೆಳ್ಳಗೆ, ನುಣ್ಣಗೆ, ಕಲೆಗಳಿಲ್ಲದೆ ಬರುತ್ತದೆ. ನೀಲಿಯಲ್ಲಿ ಕಪ್ಪಾಗಿ, ಸುಕ್ಕು, ಮಚ್ಚೆ ಎಲ್ಲ ಎದ್ದು ಬರುತ್ತದೆ. ಕಿತ್ತಳೆ ಸ್ಲೈಡರ್ ಒಂದಿಷ್ಟು ಏರಿಸಿದರೆ ಗದ್ದೆ ಬಿಸಿಲಿನಲ್ಲಿ ದುಡಿದ ಅಜ್ಜನ ಮುಖ ಕ್ಷಣದಲ್ಲಿ ಬೆಳ್ಳಗಾಗುತ್ತದೆ. ಸ್ಟುಡಿಯೋದವರು ಕೇಳದೆಯೇ ಇದನ್ನು ಮಾಡಿಕೊಡುವುದುಂಟು. ಮನೆಯವರಿಗೆ ಅಜ್ಜನ ಗುರುತು ಹತ್ತಬೇಕೆಂದರೆ, ಏರಿಸುವುದು ಬೇಡ ಎಂದು ಮೊದಲೇ ಹೇಳಿಬಿಡಿ.

## ಪ್ರಿಂಟ್ ಮತ್ತು ಸ್ಪರ್ಧೆ

ಪರದೆ ತಾನೇ ಬೆಳಕು ಸೂಸುತ್ತದೆ, ಕಾಗದ ಸೂಸುವುದಿಲ್ಲ. ಹಾಗಾಗಿ ಫೋನಿನಲ್ಲಿ ಸರಿಯಿದ್ದದ್ದು ಪ್ರಿಂಟಿನಲ್ಲಿ ಕಪ್ಪಾಗಿ ಬರುತ್ತದೆ. ಫೋನಿನ ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ ನೋಡಿದರೆ ಸುಮಾರಾಗಿ ಅಂದಾಜು ಸಿಗುತ್ತದೆ. ಊರಿನ ಲ್ಯಾಬ್‌ಗಳು ಕಪ್ಪು-ಬಿಳುಪನ್ನೂ ಸಾಮಾನ್ಯವಾಗಿ ಬಣ್ಣದ ಕಾಗದದಲ್ಲೇ ಮುದ್ರಿಸುವುದರಿಂದ ಬೂದಿಗೆ ಹಸಿರಿನ ಅಥವಾ ನೇರಳೆಯ ಛಾಯೆ ಹತ್ತಬಹುದು. ದೊಡ್ಡ ಪ್ರಿಂಟಿಗೆ ದುಡ್ಡು ಕೊಡುವ ಮೊದಲು ಚಿಕ್ಕದೊಂದು ಹಾಕಿಸಿ, ಟ್ಯೂಬ್‌ಲೈಟಿನ ಕೆಳಗಲ್ಲ, ಹಗಲು ಬೆಳಕಿನಲ್ಲಿ ನೋಡಿ. 8×12 ಇಂಚಿನ ಪ್ರಿಂಟಿಗೆ ಇಂಚಿಗೆ 300ರಂತೆ 2,400×3,600 ಪಿಕ್ಸೆಲ್ ಸಾಕು. ವಾಟ್ಸಾಪ್‌ನಲ್ಲಿ ಫೋಟೋವಾಗಿ ಕಳಿಸಿದರೆ ಅದು ಕುಗ್ಗುತ್ತದೆ, ‘ಡಾಕ್ಯುಮೆಂಟ್’ ಆಗಿ ಕಳಿಸಿ.

ಸ್ಪರ್ಧೆಗೆ ಕಳಿಸುವವರು ಗಮನಿಸಬೇಕಾದ್ದು ಮೊನೊಕ್ರೋಮ್‌ನ ವ್ಯಾಖ್ಯೆ. ಅಂತಾರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟ ಫಿಯಾಪ್‌ನ ನಿಯಮದಂತೆ ಇಡೀ ಚಿತ್ರಕ್ಕೆ ಒಂದೇ ಬಣ್ಣದ ಛಾಯೆ, ಉದಾಹರಣೆಗೆ ಸೆಪಿಯಾ, ಕೊಟ್ಟರೂ ಅದು ಮೊನೊಕ್ರೋಮ್ ಆಗಿಯೇ ಉಳಿಯುತ್ತದೆ. ಚಿತ್ರವೆಲ್ಲ ಕಪ್ಪು-ಬಿಳುಪು ಮಾಡಿ ಕೊಡೆಯೊಂದನ್ನು ಮಾತ್ರ ಕೆಂಪಾಗಿ ಬಿಟ್ಟರೆ ಅದು ಬಣ್ಣದ ವಿಭಾಗಕ್ಕೆ ಹೋಗುತ್ತದೆ. ಮೂಲ ಫೈಲ್ ತೋರಿಸಿ ಎಂದು ಆಯೋಜಕರು ಕೇಳುವುದೂ ಇದೆ. ತಿದ್ದಿದ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿ, ಬಣ್ಣದ ಮೂಲವನ್ನು ಹಾಗೇ ಇಟ್ಟುಕೊಳ್ಳಿ.